‘ಮೇಸ್ತ್ರಿ ಡ್ರಾಯಿಂಗ್’ ಅನ್ನಿಸಿಕೊಂಡ ಹುಡುಗ

ಹುಡುಗನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಪ್ರಾಜೆಕ್ಟಿನ ಕೆಲವು ವಿವರ ಬದಲಿಸಿದ್ದೇನೆ. ಕಾಲೇಜು ಯಾವುದು ಅಂತ ಹೇಳುವುದಿಲ್ಲ. ಇಲ್ಲಿ ಅವನನ್ನು ಪ್ರದೀಪ ಅಂತ ಕರೆಯೋಣ.

ಪ್ರದೀಪ ಕಾಸರಗೋಡಿನ ಒಳಗಿನ ಒಂದು ಹಳ್ಳಿಯವನು. ಹತ್ತನೆಯವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ತುಳು. ಆರ್ಕಿಟೆಕ್ಚರಿನ ಪ್ರವೇಶ ಪರೀಕ್ಷೆ ನಾಟಾ ಬರೆದು ಒಳ್ಳೆಯ ಸ್ಕೋರು ತೆಗೆದು, ಕೇರಳದ ತೆಂಕು ಕಡೆಯ ಒಂದು ಕಾಲೇಜಿನಲ್ಲಿ ಬಿ.ಆರ್ಕ್ ಸೇರಿದ್ದಾನೆ. ಅಲ್ಲಿ ಕ್ಲಾಸಿನಲ್ಲಿ ಇಂಗ್ಲಿಷ್, ಹಾಸ್ಟೆಲಿನಲ್ಲಿ ಮಲಯಾಳಂ. ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದಾಗ ಮೂರನೇ ವರ್ಷ.

ಕರೆದುಕೊಂಡು ಬಂದದ್ದು ಅಮ್ಮ. ‘ಮೂರು ವಾರ ಆಯ್ತು ಮೇಡಂ, ಕಾಲೇಜಿಗೆ ಹೋಗುದಿಲ್ಲ. ರೂಮಿಂದ ಹೊರಗೆ ಬರುದಿಲ್ಲ. ಪಾಸ್ ಆಗಿದ್ದಾನಲ್ಲ, ಮತ್ತೆ ಎಂತ ಇವನಿಗೆ?’ ಅಂದರು. ಪ್ರದೀಪ ತಲೆ ಎತ್ತಲಿಲ್ಲ.

ಅಮ್ಮನನ್ನು ಹೊರಗೆ ಕೂರಿಸಿ ಮೊದಲು ಕೇಳಿದ್ದು ಒಂದೇ ಮಾತು. ಸಾಯಬೇಕು ಅಂತ ಅನ್ನಿಸಿದೆಯಾ? ಇದನ್ನು ನೇರವಾಗಿ ಕೇಳಲು ಹೆದರುವವರು ತುಂಬಾ ಜನ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯ. ಹಾಗೆ ಹುಟ್ಟುವುದಿಲ್ಲ. ಕೇಳಿದಾಗ ಎಷ್ಟೋ ಮಕ್ಕಳಿಗೆ ಉಸಿರು ಬಿಟ್ಟ ಹಾಗೆ ಆಗುತ್ತದೆ. ‘ಸಾಯುದೆಲ್ಲ ಇಲ್ಲ ಮೇಡಂ. ಆದ್ರೆ ಆ ಕಾಲೇಜಿನ ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ’ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನ ಫೋನಿನಲ್ಲಿ ನಾನೇ ಸೇವ್ ಮಾಡಿಸಿದೆ. ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಆಮೇಲೆ ನಿಧಾನಕ್ಕೆ ವಿಷಯ ಬಂತು. ಡಿಸೈನ್ ಸ್ಟುಡಿಯೋ ಅನ್ನುವ ವಿಷಯದ ಸೆಮಿಸ್ಟರ್ ಕೊನೆಯ ಜ್ಯೂರಿ, ಅಂದರೆ ಪರೀಕ್ಷಕರ ಎದುರು ಡ್ರಾಯಿಂಗ್ ಇಟ್ಟು ವಿವರಿಸುವುದು. ಮೂರು ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಪ್ರಿಂಟ್ ಅಂಗಡಿಯಲ್ಲಿ ಕ್ಯೂ. ಬೆಳಿಗ್ಗೆ ಎಂಟಕ್ಕೆ ಶೀಟುಗಳನ್ನು ಗೋಡೆಗೆ ಪಿನ್ ಮಾಡಿದ, ಸರದಿ ಬಂದದ್ದು ಮಧ್ಯಾಹ್ನ ಮೂರೂವರೆಗೆ. ಅಷ್ಟು ಹೊತ್ತು ನಿಂತೇ ಇದ್ದ. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರಂತೆ, ನಿನ್ನ ಕಾನ್ಸೆಪ್ಟ್ ಏನು, ಯಾಕೆ ಕೆಂಪುಕಲ್ಲು? ಇವನ ಬಾಯಿಂದ ಮಾತೇ ಹೊರಡಲಿಲ್ಲ. ಅವರು ಒಂದು ನಿಮಿಷ ಕಾದು, ಇದು ಆರ್ಕಿಟೆಕ್ಟ್ ಡ್ರಾಯಿಂಗ್ ಅಲ್ಲ, ಮೇಸ್ತ್ರಿ ಡ್ರಾಯಿಂಗ್ ಅಂದು ಮುಂದಿನ ಶೀಟಿಗೆ ಹೋದರು.

ಪ್ರದೀಪನ ಅಪ್ಪ ಕಲ್ಲು ಕಟ್ಟುವ ಮೇಸ್ತ್ರಿ. ಆ ಪರೀಕ್ಷಕರಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಲು ಸಾಧ್ಯವೂ ಇಲ್ಲ. ಆದರೆ ಹುಡುಗ ಕೇಳಿಸಿಕೊಂಡದ್ದು ಡ್ರಾಯಿಂಗಿನ ಬಗ್ಗೆ ಅಲ್ಲ. ನೀನು ಇಲ್ಲಿಗೆ ಸೇರಿದವನಲ್ಲ ಅಂತ ಕೇಳಿಸಿಕೊಂಡ. ಮಾರ್ಕು ಬಂದಾಗ ಜ್ಯೂರಿಯಲ್ಲಿ ಪಾಸಿನ ಗೆರೆ ಸುಮ್ನೆ ಮುಟ್ಟಿದ ಹಾಗಿತ್ತು. ಸೆಮಿಸ್ಟರ್ ಪೂರ್ತಿ ಗೈಡ್ ಮಾಡಿದ ಟೀಚರ್ ಕೊಟ್ಟ ಇಂಟರ್ನಲ್ಸ್ ಮಾತ್ರ ಚೆನ್ನಾಗಿತ್ತು. ಎರಡರ ನಡುವೆ ಅಷ್ಟು ವ್ಯತ್ಯಾಸ ಯಾಕೆ ಅಂತ ಯಾರೂ ಹೇಳಲಿಲ್ಲ. ಇವನೂ ಕೇಳಲಿಲ್ಲ.

ಆರ್ಕಿಟೆಕ್ಚರ್ ಓದುವ ಮಕ್ಕಳ ಮನೆಯವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ನಾವೆಲ್ಲ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ ನೋಡಿ ಬೆಳೆದವರು. ಬಿ.ಆರ್ಕ್ ಐದು ವರ್ಷದ ಕೋರ್ಸು, ಹತ್ತು ಸೆಮಿಸ್ಟರ್. ಸ್ಟ್ರಕ್ಚರ್ಸ್, ಹಿಸ್ಟರಿ ಥರದ ವಿಷಯಗಳಿಗೆ ಬರೆಯುವ ಪರೀಕ್ಷೆ ಇರುತ್ತದೆ. ಆದರೆ ಹೆಚ್ಚು ಕ್ರೆಡಿಟ್ ಇರುವುದು ಡಿಸೈನ್ ಸ್ಟುಡಿಯೋಗೆ. ಅಲ್ಲಿ ಸೈಟ್ ಸ್ಟಡಿ, ಕೇಸ್ ಸ್ಟಡಿ, ಕಾನ್ಸೆಪ್ಟ್, ಒಂದೆರಡು ರಿವ್ಯೂ, ಪ್ರೀ ಫೈನಲ್ ಅಂತ ಹಂತ ಹಂತವಾಗಿ ಇಂಟರ್ನಲ್ಸ್ ಸೇರುತ್ತದೆ. ಕೊನೆಗೆ ಹೊರಗಿನ ಪರೀಕ್ಷಕರು ಕೂತು ಶೀಟು, ಮಾಡೆಲ್ ನೋಡಿ, ಪ್ರಶ್ನೆ ಕೇಳಿ ಮಾರ್ಕು ಹಾಕುತ್ತಾರೆ. ಈ ಕೋರ್ಸಿನ ನಿಯಮ ಮಾಡುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ 1983ರ ನಿಯಮಗಳಲ್ಲೇ, ಸೆಷನಲ್ ಕೆಲಸವನ್ನು, ಅಂದರೆ ಸೆಮಿಸ್ಟರಿನಲ್ಲಿ ಮಾಡಿದ ಕೆಲಸವನ್ನು, ಆದಷ್ಟು ಮಟ್ಟಿಗೆ ಒಳಗಿನ ಮತ್ತು ಹೊರಗಿನ ಪರೀಕ್ಷಕರ ಜ್ಯೂರಿ ನೋಡಬೇಕು ಅಂತ ಇತ್ತು. ಒಬ್ಬರೇ ಟೀಚರಿನ ಇಷ್ಟ ಅನಿಷ್ಟಕ್ಕೆ ಮಗುವಿನ ಮಾರ್ಕು ಸಿಕ್ಕಿಬೀಳಬಾರದು ಅನ್ನುವುದಕ್ಕೆ ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಹೊರಗಿನವರು ನೋಡುವುದು ಆ ಹತ್ತು ಹದಿನೈದು ನಿಮಿಷ ಮಾತ್ರ. ನಾಲ್ಕು ತಿಂಗಳು ಹುಡುಗ ಹೇಗೆ ಯೋಚಿಸಿದ, ಎಷ್ಟು ಅಳಿಸಿ ಬರೆದ ಅಂತ ಅವರಿಗೆ ಕಾಣುವುದಿಲ್ಲ. ಇನ್ನೊಂದು ವಿಷಯ. ಬರೆದ ಪರೀಕ್ಷೆಗೆ ರಿವ್ಯಾಲ್ಯುಯೇಶನ್ ಹಾಕಬಹುದು. ಜ್ಯೂರಿ, ವೈವಾ ಮಾರ್ಕಿಗೆ ಸಾಮಾನ್ಯವಾಗಿ ಆ ದಾರಿ ಇರುವುದಿಲ್ಲ. ಆ ಮಧ್ಯಾಹ್ನ ಮುಗಿದರೆ ಮುಗಿಯಿತು. ಹಾಗಾಗಿ ಈ ಮಕ್ಕಳು ಅದಕ್ಕೆ ಅಷ್ಟು ಹೆದರುವುದರಲ್ಲಿ ಅರ್ಥ ಇದೆ.

ಎರಡನೇ ಸಲ ಒಬ್ಬನೇ ಬಂದ, ಲ್ಯಾಪ್‌ಟಾಪ್ ತಂದಿದ್ದ. ನಾನೇ ತರಲು ಹೇಳಿದ್ದೆ. ‘ನನಗೆ ಆರ್ಕಿಟೆಕ್ಚರ್ ಗೊತ್ತಿಲ್ಲ. ಇದು ಎಂತ ಅಂತ ನನಗೆ ಅರ್ಥ ಆಗುವ ಹಾಗೆ ಹೇಳು’ ಅಂದೆ. ಪ್ರಾಜೆಕ್ಟು ಗುಡ್ಡದ ಇಳಿಜಾರಿನಲ್ಲಿ ಒಂದು ಪಂಚಾಯತು ಲೈಬ್ರರಿ. ಶುರುವಿನಲ್ಲಿ ತಡವರಿಸಿದ. ಆಮೇಲೆ ಇಪ್ಪತ್ತು ನಿಮಿಷ ನಿಲ್ಲಲೇ ಇಲ್ಲ. ಗುಡ್ಡ ಕಡಿದಾಗ ಸಿಗುವ ಕಲ್ಲನ್ನೇ ಗೋಡೆಗೆ ಬಳಸುವುದು, ಹೊರಗಿಂದ ಲಾರಿಯಲ್ಲಿ ತರುವುದು ಬೇಡ. ಕೆಂಪುಕಲ್ಲು ಕಡಿದ ಹೊತ್ತಿಗೆ ಮೆತ್ತಗೆ ಇರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ, ಆದ್ದರಿಂದ ಸೈಟಿನಲ್ಲಿ ಕಲ್ಲು ಪೇರಿಸಿಡಲು ಜಾಗ ಬಿಟ್ಟಿದ್ದಾನೆ, ಕಟ್ಟಡ ಮುಗಿದ ಮೇಲೆ ಅದೇ ಜಾಗ ಮಕ್ಕಳು ಕೂತು ಓದುವ ಅಂಗಳ. ನಮ್ಮ ಕಡೆ ಮಳೆ ಹೊಡೆಯುವುದು ಪಡುವಿನಿಂದ, ಆ ಬದಿಗೆ ಮಾಡು ಜಾಸ್ತಿ ಇಳಿಸಿದ್ದಾನೆ, ಪುಸ್ತಕದ ಕಪಾಟು ಆ ಗೋಡೆಗೆ ತಾಗಿಸಿಲ್ಲ. ಇಳಿದು ಬರುವ ನೀರಿಗೆ ಗೋಡೆಯ ಹಿಂದೆ ಒಂದು ಚರಂಡಿ. ಇದರಲ್ಲಿ ಅರ್ಧ ಅಪ್ಪನ ಜೊತೆ ರಜೆಯಲ್ಲಿ ಕೆಲಸಕ್ಕೆ ಹೋಗಿ ಕಲಿತದ್ದು.

ನಾನು ಕೇಳಿದೆ, ‘ಇದನ್ನೆಲ್ಲ ಅಲ್ಲಿ ಹೇಳಿದ್ಯಾ?’

‘ಇಂಗ್ಲಿಷಲ್ಲಿ ಬರ್ಲಿಲ್ಲ ಮೇಡಂ.’

‘ಶೀಟಿನಲ್ಲಿ ಬರೆದದ್ದು ಉಂಟಾ?’

ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ‘ಇಲ್ಲ’ ಅಂದ. ಪ್ಲಾನ್ ಇತ್ತು, ಎಲಿವೇಶನ್ ಇತ್ತು, ಅಳತೆ ಇತ್ತು. ಆದರೆ ಮಳೆ ಇರಲಿಲ್ಲ, ಕಲ್ಲು ಪೇರಿಸುವ ಜಾಗಕ್ಕೆ ಹೆಸರಿರಲಿಲ್ಲ, ಚರಂಡಿ ಒಂದು ಸಣ್ಣ ಗೆರೆ.

ಇಲ್ಲಿ ಅವನಿಗೆ ನಾನು ಸಮಾಧಾನದ ಮಾತು ಹೇಳಲಿಲ್ಲ. ಮಾರ್ಕು ಪೂರ್ತಿ ಅನ್ಯಾಯ ಅಂತ ಹೇಳಿದ್ದರೆ ಆ ಹೊತ್ತಿಗೆ ಅವನಿಗೆ ಹಿತವಾಗುತ್ತಿತ್ತು. ಆದರೆ ನನಗೆ ಅನ್ನಿಸಿದ್ದು ಬೇರೆ, ಅದನ್ನೇ ಹೇಳಿದೆ. ಗೋಡೆಯ ಮೇಲೆ ಇಲ್ಲದ್ದಕ್ಕೆ, ಬಾಯಲ್ಲಿ ಬಾರದ್ದಕ್ಕೆ ಯಾರೂ ಮಾರ್ಕು ಕೊಡಲು ಆಗುವುದಿಲ್ಲ. ಅವರು ಅಳೆದದ್ದು ನಿನ್ನ ಯೋಚನೆಯನ್ನು ಅಲ್ಲ, ನಿನ್ನ ಯೋಚನೆಯಲ್ಲಿ ಅವರಿಗೆ ತಲುಪಿದ ಭಾಗವನ್ನು. ಅದು ಕಮ್ಮಿ ಇತ್ತು, ಮಾರ್ಕೂ ಕಮ್ಮಿ ಬಂತು. ‘ಮೇಸ್ತ್ರಿ ಡ್ರಾಯಿಂಗ್’ ಅನ್ನುವ ಮಾತು ಮಾತ್ರ ತಪ್ಪು. ಕೆಲಸದಲ್ಲಿ ಏನು ಕಮ್ಮಿ ಇದೆ ಅಂತ ಹೇಳುವುದು ಪರೀಕ್ಷಕರ ಕೆಲಸ. ಒಂದು ದುಡಿಮೆಯ ಹೆಸರನ್ನು ಬೈಗುಳ ಮಾಡುವುದು ಅಲ್ಲ.

ಜ್ಯೂರಿ ಪದ್ಧತಿಯ ಬಗ್ಗೆ ಓದಿದ್ದ ಒಂದು ಸಂಗತಿ ಆಗ ನೆನಪಾಯಿತು, ಅವನಿಗೂ ಹೇಳಿದೆ. ಇದು ಬಂದದ್ದು ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಶಾಲೆಯಿಂದ, 19ನೇ ಶತಮಾನದಲ್ಲಿ. ಅಲ್ಲಿ ತೀರ್ಪುಗಾರರು ಮುಚ್ಚಿದ ಬಾಗಿಲ ಹಿಂದೆ ಕೂರುತ್ತಿದ್ದರು, ವಿದ್ಯಾರ್ಥಿ ಒಳಗೆ ಇರುತ್ತಲೇ ಇರಲಿಲ್ಲ. ಡ್ರಾಯಿಂಗ್ ಒಂಟಿಯಾಗಿ ನಿಂತು ಮಾತಾಡಬೇಕಿತ್ತು. ಪ್ರದೀಪ ಮೊದಲ ಸಲ ಸ್ವಲ್ಪ ನಕ್ಕ. ‘ಹಾಗಾದ್ರೆ ನನಗೆ ಅದೇ ಒಳ್ಳೆದಿತ್ತು’ ಅಂದ. ಹಾಗಾದರೆ ನೀನು ಒಳಗೆ ಇಲ್ಲ ಅಂತಲೇ ಅಂದುಕೊಂಡು ಶೀಟ್ ಮಾಡು ಅಂದೆ. ನಮ್ಮ ಮುಂದಿನ ಮಾತುಕತೆ ಪೂರ್ತಿ ಇದರ ಮೇಲೆಯೇ ನಡೆಯಿತು.

ಕೊಟ್ಟ ಸಲಹೆ ಹೀಗೆ. ಮೊದಲ ಕೆಲಸ, ಗೈಡ್ ಹತ್ತಿರ ಹೋಗಿ ಮಾರ್ಕಿನ ವಿವರ ಕೇಳುವುದು. ಯಾಕೆ ಕಮ್ಮಿ ಕೊಟ್ಟಿರಿ ಅಂತ ಅಲ್ಲ, ಹಾಗೆ ಕೇಳಿದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾರೆ. ‘ಕಾನ್ಸೆಪ್ಟ್, ಪ್ಲಾನಿಂಗ್, ಡ್ರಾಯಿಂಗ್, ಪ್ರೆಸೆಂಟೇಶನ್, ಇದರಲ್ಲಿ ಯಾವುದರಲ್ಲಿ ಜಾಸ್ತಿ ಹೋಯ್ತು ಸರ್, ಮುಂದಿನ ಸಲಕ್ಕೆ ಯಾವುದನ್ನು ಸರಿ ಮಾಡಬೇಕು’ ಅಂತ. ವಾಕ್ಯವನ್ನು ಇಲ್ಲೇ ಕೂತು ನಾಲ್ಕು ಸಲ ಹೇಳಿಸಿದೆ. ಯಾವುದಕ್ಕೆ ಎಷ್ಟು ಮಾರ್ಕು ಅಂತ ಸೆಮಿಸ್ಟರಿನ ಮೊದಲ ವಾರವೇ ಬರವಣಿಗೆಯಲ್ಲಿ ಕೊಡುವ ಸ್ಟುಡಿಯೋಗಳಿವೆ. ಎಲ್ಲ ಕಡೆಯೂ ಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕೊಡದಿದ್ದರೆ ಕೇಳುವುದು ವಿದ್ಯಾರ್ಥಿಯ ಅಧಿಕಪ್ರಸಂಗ ಅಲ್ಲ.

ಎರಡನೆಯದು ಭಾಷೆ. ಇಂಗ್ಲಿಷ್ ಕಲಿ ಅಂತ ಹೇಳುವುದು ಸುಲಭ, ಮೂರು ತಿಂಗಳಲ್ಲಿ ಅದು ಆಗುವ ಮಾತಲ್ಲ. ಅದರ ಬದಲು, ಪ್ರಾಜೆಕ್ಟನ್ನು ಮೊದಲು ಕನ್ನಡದಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡು, ನನಗೆ ಹೇಳಿದ ಹಾಗೆ. ಅದನ್ನು ಕೇಳಿ, ಬಿಡಲಾಗದ ಆರು ವಾಕ್ಯ ಆರಿಸು. ಆ ಆರನ್ನು ಸಣ್ಣ ಇಂಗ್ಲಿಷಿನಲ್ಲಿ ಬರೆ. ಪ್ರತಿ ವಾಕ್ಯ ಹೇಳುವಾಗ ಶೀಟಿನಲ್ಲಿ ಬೆರಳಿಡುವ ಒಂದು ಜಾಗ ಇರಬೇಕು. ಬೆರಳಿಡಲು ಜಾಗ ಇಲ್ಲದಿದ್ದರೆ ಆ ಡ್ರಾಯಿಂಗ್ ಇನ್ನೂ ಮಾಡಿಲ್ಲ ಅಂತ ಅರ್ಥ. ನೆನಪು ತಪ್ಪಿದರೂ ಬೆರಳು ದಾರಿ ತೋರಿಸುತ್ತದೆ.

ಮೂರನೆಯದನ್ನು ಅವನು ಒಪ್ಪಲು ತುಂಬಾ ಹೊತ್ತು ಹಿಡಿಯಿತು. ನಿದ್ದೆ. ನೈಟ್ ಔಟ್ ಮಾಡದವನು ಆರ್ಕಿಟೆಕ್ಚರ್ ಸ್ಟೂಡೆಂಟೇ ಅಲ್ಲ ಅನ್ನುವ ಹೆಮ್ಮೆ ಅಲ್ಲಿ ಸೀನಿಯರುಗಳಿಂದ ಜೂನಿಯರುಗಳಿಗೆ ಇಳಿದು ಬರುತ್ತದೆ. 1997ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಇಡೀ 24 ಗಂಟೆ ಎಚ್ಚರ ಇದ್ದವರ ಕೈ ಕಣ್ಣಿನ ಚುರುಕು ಚೆನ್ನಾಗಿ ಕುಡಿದವರ ಮಟ್ಟಕ್ಕೆ ಇಳಿದಿತ್ತು. ನೀನು ಮೂರು ರಾತ್ರಿ ನಿದ್ದೆ ಬಿಟ್ಟು, ಪರಭಾಷೆಯಲ್ಲಿ ಉತ್ತರ ಹೇಳಲು ನಿಂತೆ, ಮಾತು ಬಾರದ್ದು ನಿನ್ನ ಬುದ್ಧಿಯ ತಪ್ಪಾ? ಹಾಗಾಗಿ, ಜ್ಯೂರಿಯ ಹಿಂದಿನ ದಿನ ಸಂಜೆ ಆರಕ್ಕೆ ಶೀಟ್ ಪ್ರಿಂಟಿಗೆ. ಮುಗಿಯದ್ದು ಮುಗಿಯದೇ ಇರಲಿ.

ನಾಲ್ಕನೆಯದು ಸಣ್ಣದು, ಆದರೆ ಉಪಯೋಗಕ್ಕೆ ಬಂದದ್ದು. ರಿವ್ಯೂ ನಡೆಯುವಾಗ ನಿನಗೆ ಅರ್ಧ ಕೇಳಿಸುವುದೇ ಇಲ್ಲ, ಬೈದದ್ದು ಮಾತ್ರ ನೆನಪಿರುತ್ತದೆ. ಒಬ್ಬ ಕ್ಲಾಸ್‌ಮೇಟಿಗೆ ಬರೆದುಕೊಳ್ಳಲು ಹೇಳು, ಅವನ ಸರದಿಯಲ್ಲಿ ನೀನು ಬರೆ.

ದೂರು ಕೊಡುವ ಮಾತೂ ಬಂತು. ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿಯ 2023ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ಅದರ ಮೇಲೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಪರ್ಸನ್. ಮೌಲ್ಯಮಾಪನದಲ್ಲಿ ಪಾರದರ್ಶಕತೆ ಇಲ್ಲದ್ದು, ಅನ್ಯಾಯ ಆದದ್ದು ಕೂಡ ಅಲ್ಲಿ ಹೇಳಬಹುದಾದ ದೂರು. ದೂರು ಕೊಡುವುದು, ಕೊಡದಿರುವುದು, ಎರಡು ದಾರಿಯನ್ನೂ ಮುಂದಿಟ್ಟೆ, ಆಯ್ಕೆ ಅವನದು ಅಂದೆ. ಒಂದು ವಾರ ಯೋಚಿಸಿ, ಬೇಡ, ಗೈಡ್ ಸರ್‌ಗೆ ಮಾತ್ರ ಹೇಳುತ್ತೇನೆ ಅಂದ. ಹೇಳಿದ ಕೂಡ. ಅಪ್ಪ ಎಂತ ಕೆಲಸ ಮಾಡುವುದು ಅಂತ ಮೂರು ವರ್ಷದಲ್ಲಿ ಕಾಲೇಜಿನಲ್ಲಿ ಮೊದಲ ಸಲ ಹೇಳಿದ್ದು ಅವತ್ತು. ಆ ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನು ನೀನು ಮೊದಲೇ ಹೇಳಬೇಕಿತ್ತು, ನಿನ್ನ ಹತ್ತಿರ ನಮಗೆ ಇಲ್ಲದ್ದು ಉಂಟು ಅಂದರಂತೆ.

ಅಪ್ಪ ಬಂದದ್ದು ಒಂದು ಭಾನುವಾರ. ಕೈಯಲ್ಲಿ ಸಿಮೆಂಟಿನ ಬಿರುಕು. ಎಜುಕೇಶನ್ ಲೋನ್ ಉಂಟು, ಅವರಿಗೆ ಬೇಕಾದ್ದು ನೇರ ಉತ್ತರ. ‘ಇವನು ಮುಗಿಸ್ತಾನಾ ಮೇಡಂ?’ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ. ಸುಲಭಕ್ಕೆ ಒಂದು ಸೆಮಿಸ್ಟರಿನಲ್ಲಿ 25 ಕ್ರೆಡಿಟ್, ಅದರಲ್ಲಿ ಡಿಸೈನಿಗೆ 9 ಅಂತ ಇಟ್ಟುಕೊಳ್ಳೋಣ. ಡಿಸೈನಿನಲ್ಲಿ ಗ್ರೇಡ್ ಪಾಯಿಂಟ್ 6, ಉಳಿದದ್ದರಲ್ಲೆಲ್ಲ 8 ಬಂದರೆ ಆ ಸೆಮಿಸ್ಟರಿನ ಸರಾಸರಿ, ಅಂದರೆ ಎಸ್‌ಜಿಪಿಎ 7.28. ಡಿಸೈನ್ ಒಂದೇ ಒಂದು ಪಾಯಿಂಟ್ ಏರಿದರೆ 7.64. 3 ಕ್ರೆಡಿಟಿನ ಒಂದು ಥಿಯರಿ ವಿಷಯದಲ್ಲಿ ಒಂದು ಪಾಯಿಂಟ್ ಏರಿಸಿದರೆ 7.40 ಅಷ್ಟೇ. ಅಂದರೆ ಡಿಸೈನ್ ಬಿದ್ದಾಗ ಜೋರಾಗಿ ಎಳೆಯುತ್ತದೆ, ಎದ್ದಾಗ ಜೋರಾಗಿ ಎತ್ತುತ್ತದೆ. ಇನ್ನೂ ನಾಲ್ಕೈದು ಡಿಸೈನ್ ಬಾಕಿ ಇವೆ. ಅಪ್ಪ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮಗನ ಕಡೆ ತಿರುಗಿ ತುಳುವಿನಲ್ಲಿ ಕೇಳಿದ್ದು, ಪಡು ಬದಿಯ ಗೋಡೆಗೆ ನೀರು ಇಳಿಯುವ ಕಡೆ ಎಷ್ಟು ಇಳಿಜಾರು ಕೊಟ್ಟಿದ್ದೀ ಅಂತ. ಹುಡುಗ ಲ್ಯಾಪ್‌ಟಾಪ್ ತೆರೆದ. ಅಪ್ಪನಿಗೆ ಆ ಪ್ರಾಜೆಕ್ಟನ್ನು ಅವನು ಅಲ್ಲಿಯವರೆಗೆ ತೋರಿಸಿಯೇ ಇರಲಿಲ್ಲ.

ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಅಟೆಂಡೆನ್ಸ್ ಕಮ್ಮಿ ಇತ್ತು, ಅದಕ್ಕೆ ನಾನೊಂದು ಪತ್ರ ಕೊಟ್ಟೆ. ಈ ಸೆಮಿಸ್ಟರಿನ ಮೊದಲ ರಿವ್ಯೂನಲ್ಲಿ ಎರಡು ವಾಕ್ಯ ಆದ ಮೇಲೆ ನಿಂತುಹೋಯಿತಂತೆ. ಬೆರಳಿಟ್ಟು ಮುಂದೆ ಹೋದ. ಗೋಡೆಯನ್ನು ಸೀಳಿ ಒಳಗನ್ನು ತೋರಿಸುವ ಒಂದು ದೊಡ್ಡ ಸೆಕ್ಷನ್ ಡ್ರಾಯಿಂಗ್ ಹಾಕಿದ್ದ, 1:20 ಅಳತೆಯಲ್ಲಿ, ಅದರ ಫೋಟೋ ಮೊದಲು ಅಪ್ಪನ ವಾಟ್ಸಾಪಿಗೆ ಹೋಗಿ ಎರಡು ತಿದ್ದುಪಡಿ ಆಗಿ ಬಂದಿತ್ತು. ಮಾರ್ಕು ಮಧ್ಯಮ. ಗೆಳೆಯ ಬರೆದುಕೊಂಡ ನೋಟಿನಲ್ಲಿ ಒಂಬತ್ತು ಸಾಲಿದ್ದವು, ಅದರಲ್ಲಿ ಮೂರು ಒಳ್ಳೆಯ ಮಾತು. ಅವನಿಗೆ ಆ ಮೂರೂ ಕೇಳಿಸಿಯೇ ಇರಲಿಲ್ಲ.

ಫೈನಲ್ ಜ್ಯೂರಿ ಮುಂದಿನ ತಿಂಗಳು. ಹಿಂದಿನ ದಿನ ಸಂಜೆ ಆರು ಗಂಟೆಗೆ ನಾನು ಒಂದು ಮೆಸೇಜ್ ಹಾಕುವುದು, ಅವನು ಪ್ರಿಂಟ್ ಅಂಗಡಿಯ ಫೋಟೋ ಕಳಿಸುವುದು ಅಂತ ಮಾತಾಗಿದೆ.