ದೆವ್ವ ಬಿಡಿಸುವವರು ಬದಲಾದರು

ಪ್ರಶ್ನೆ: ‘ನಾ ನಿನ್ನ ಬಿಡಲಾರೆ’ ನೋಡಿ ಬಂದ ರಾತ್ರಿ ನಾವು ದೀಪ ಆರಿಸಲು ಹೆದರುತ್ತಿದ್ದೆವು. ಈಗ ದೆವ್ವದ ಚಿತ್ರ ನೋಡಿ ನಮ್ಮ ಮೊಮ್ಮಕ್ಕಳು ನಗುತ್ತಾರೆ. ಭಯದ ಚಿತ್ರಗಳ ಕಾಲ ಮುಗಿಯಿತೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಮುಗಿದಿಲ್ಲ. ಆದರೆ ದೆವ್ವವನ್ನು ಬಿಡಿಸುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಚಿತ್ರಗಳು ಕೊಡುವ ಉತ್ತರ ಬದಲಾಗಿದೆ. 1979ರ ಆ ಚಿತ್ರದಲ್ಲಿ ಅನಂತನಾಗ್ ಅವರ ಪಾತ್ರದ ಮೈಮೇಲೆ ಕಾಮಿನಿ ಬಂದಾಗ ಕೊನೆಗೆ ಕಾಯುವುದು ರಾಯರ ಕೃಪೆ. ಪ್ರೇತವನ್ನು ನಂಬಿದಷ್ಟೇ ಗಾಢವಾಗಿ ಮಂತ್ರಾಲಯವನ್ನೂ ನಂಬಿದ್ದ ಪ್ರೇಕ್ಷಕರಿಗೆ ಆ ಭಯ ಮನೆಯೊಳಗಿನದೇ ಆಗಿತ್ತು.

2004ರ ‘ಆಪ್ತಮಿತ್ರ’ದ ಹೊತ್ತಿಗೆ ಆ ಜಾಗಕ್ಕೆ ಮನೋವೈದ್ಯರು ಬಂದರು. ಮಲಯಾಳದ ಕಥೆಯಿಂದ ರೂಪುಗೊಂಡ ಈ ಚಿತ್ರದಲ್ಲಿ ಸೌಂದರ್ಯ ಅವರ ಗಂಗಾಳನ್ನು ಆವರಿಸಿರುವುದು ಕಾಯಿಲೆಯೆಂದು ವಿಷ್ಣುವರ್ಧನ್ ಅವರ ವೈದ್ಯ ಪಾತ್ರ ಗುರುತಿಸುತ್ತದೆ. ಆದರೂ ಚಿಕಿತ್ಸೆ ನಡೆಯುವುದು ಹೋಮಕುಂಡದ ಮುಂದೆಯೇ: ಗಂಗಾ ತಾನೇ ಅವಳೆಂದು ಭಾವಿಸಿರುವ ಹಳೆಯ ಕಾಲದ ನರ್ತಕಿ ನಾಗವಲ್ಲಿ, ಅರಸನನ್ನು ತಾನೇ ಕೊಂದೆನೆಂದು ನಂಬುವಂತೆ ಮನುಷ್ಯನ ಜಾಗಕ್ಕೆ ಬೊಂಬೆಯನ್ನು ತಂದಿಡುತ್ತಾರೆ. ವಿಜ್ಞಾನ ಮತ್ತು ಆಚರಣೆ ಎರಡನ್ನೂ ಬಿಟ್ಟುಕೊಡದ ಈ ಜಾಣತನವೇ ಆ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡುವಂತೆ ಮಾಡಿತೆಂದು ನನಗನ್ನಿಸುತ್ತದೆ. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ ಕಥೆ ಹೇಳಿದ 2013ರ ‘6-5=2’ ಚಿತ್ರದಲ್ಲಿ ಬಿಡಿಸಲು ದೇವರೂ ಇಲ್ಲ, ವೈದ್ಯರೂ ಇಲ್ಲ.

ನಿಮ್ಮ ಮೊಮ್ಮಕ್ಕಳ ನಗುವನ್ನು ಭಯ ಸತ್ತುಹೋದ ಗುರುತೆಂದು ಭಾವಿಸಬೇಡಿ. ಕರಾವಳಿಯ ಹಳ್ಳಿಯೊಂದರ ಯುವಕನ ಮೈಮೇಲೆ ಸುಲೋಚನಾ ಬಂದಳೆಂಬ ಸುದ್ದಿಯ ಸುತ್ತ ಹೆಣೆದ 2025ರ ‘ಸು ಫ್ರಮ್ ಸೋ’ ರಾಜ್ಯದಾದ್ಯಂತ ಗೆದ್ದದ್ದು, ಇಡೀ ಊರು ಗಾಬರಿಯಾಗುವ ಬಗೆಯನ್ನು ಅದು ಪ್ರೀತಿಯಿಂದ ತೋರಿಸಿದ್ದಕ್ಕೆ. ನನ್ನ ತಕರಾರು ಬೇರೆ: ಕಾಮಿನಿ, ನಾಗವಲ್ಲಿ, ಸುಲೋಚನಾ ಎಂದು ಇಷ್ಟು ವರ್ಷವಾದರೂ ನಮ್ಮ ಚಿತ್ರಗಳಿಗೆ ದೆವ್ವವೆಂದರೆ ಹೆಣ್ಣೇ ಆಗಬೇಕು.

ಮೊಮ್ಮಕ್ಕಳು ದೊಡ್ಡವರಾಗಿದ್ದರೆ ಅವರ ಜೊತೆ ಕೂತು 2016ರ ‘ಯೂ ಟರ್ನ್’ ನೋಡಿ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಅಡ್ಡದಾರಿಗಾಗಿ ರಸ್ತೆ ವಿಭಜಕದ ಕಲ್ಲು ಸರಿಸಿ, ಅದನ್ನು ಅಲ್ಲೇ ಬಿಟ್ಟು ಹೋಗುವ ಬೈಕ್ ಸವಾರರ ಅಸಡ್ಡೆಯಿಂದಲೇ ಅಲ್ಲಿ ಭಯ ಹುಟ್ಟುತ್ತದೆ. ಪಾಳುಬಂಗಲೆಯನ್ನು ಕಂಡೇ ಇರದ ಈಗಿನ ಹುಡುಗರಿಗೂ ಆ ಕಲ್ಲು ಚೆನ್ನಾಗಿ ಗೊತ್ತು.