ಮರ ಬಿದ್ದರೆ ಯಾರನ್ನು ಕೇಳುವುದು?

ಕೊಡಗಿನ ನಾಪೋಕ್ಲಿನ ಮಿತ್ರರು ನಿನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಇದು ಉತ್ತರ. ಅವರ ಕಾರಿಗೆ ಏಳು ವರ್ಷ, ಈವರೆಗೆ ಒಂದೂ ಕ್ಲೇಮ್ ಇಲ್ಲ, ಓಡುವುದು ತೋಟದಿಂದ ಪೇಟೆಗೆ, ತಿಂಗಳಿಗೊಮ್ಮೆ ಮೈಸೂರಿಗೆ. ಕಡ್ಡಾಯ ಇರುವುದು ಥರ್ಡ್ ಪಾರ್ಟಿ ಮಾತ್ರ, ಹಾಗಿರುವಾಗ ಜನ ಫುಲ್ ಇನ್ಶೂರೆನ್ಸ್‌ಗೆ ಯಾಕೆ ದುಡ್ಡು ಸುರಿಯುತ್ತಾರೆ ಎಂದು ಅವರು ಕೇಳಿದ್ದಾರೆ. ‘ಏಜೆಂಟರ ಕಮಿಷನ್‌ಗೆ’ ಎಂದು ಒಬ್ಬರು ಆಗಲೇ ಉತ್ತರ ಕೊಟ್ಟಾಗಿದೆ. ನಾನು ಏಜೆಂಟನಲ್ಲ, ಕಾಫಿ, ಮೆಣಸು ಬೆಳೆಯುವವನು. ಕ್ಲೇಮ್ ಮಾಡಿ ಅರ್ಧ ಗೆದ್ದು ಅರ್ಧ ಸೋತ ಅನುಭವವಿದೆ, ಅಷ್ಟೆ.

ಕಾನೂನಿನ ಮಾತು ಸರಿ. 1988ರ ಮೋಟಾರು ವಾಹನ ಕಾಯ್ದೆ ಕೇಳುವುದು ಥರ್ಡ್ ಪಾರ್ಟಿಯನ್ನು ಮಾತ್ರ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4,000; ಜೈಲಿಗೂ ಅವಕಾಶವಿದೆ. 1000ದಿಂದ 1500 ಸಿಸಿ ಒಳಗಿನ ಕಾರಿಗೆ 2022ರಲ್ಲಿ ಸರ್ಕಾರ ನಿಗದಿ ಮಾಡಿದ ದರ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಆದರೆ ಆ ದುಡ್ಡು ನೀವು ಯಾರಿಗೆ ಗುದ್ದುತ್ತೀರೋ ಅವರಿಗಾಗಿ. ನಿಮ್ಮ ಕಾರಿನ ಒಂದು ಕನ್ನಡಿಗೂ ಅದರಿಂದ ಬಿಡಿಗಾಸು ಬರುವುದಿಲ್ಲ.

ಬೆಂಗಳೂರಿನಲ್ಲಿ ನಿಮ್ಮ ಕಾರಿಗೆ ಇನ್ನೊಂದು ಕಾರು ಗುದ್ದುತ್ತದೆ. ಜಗಳವಾಡಲು ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ, ಅವನಿಗೊಂದು ಪಾಲಿಸಿಯೂ ಇರುತ್ತದೆ. ನಮ್ಮಲ್ಲಿ ಕಾರಿಗೆ ಪೆಟ್ಟು ಕೊಡುವುದು ಸಿಲ್ವರ್ ಓಕ್, ಜರಿದ ಬರೆ, ಭಾಗಮಂಡಲದಲ್ಲಿ ರಸ್ತೆಗೇರುವ ಹೊಳೆ, ಮಾಲ್ದಾರೆ ಕಡೆಯ ಆನೆ. ಇವುಗಳ ಮೇಲೆ ಎಲ್ಲಿ ದಾವೆ ಹೂಡುತ್ತೀರಿ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಇಳಿದು ಬಂದದ್ದನ್ನು ನಾವ್ಯಾರೂ ಮರೆತಿಲ್ಲ. ಫುಲ್ ಪಾಲಿಸಿಯಲ್ಲಿ ಥರ್ಡ್ ಪಾರ್ಟಿ ಜೊತೆ ಸೇರುವ, ನಮ್ಮದೇ ಕಾರಿನ ಹಾನಿಯ ಭಾಗಕ್ಕೆ ಓನ್ ಡ್ಯಾಮೇಜ್ ಎನ್ನುತ್ತಾರೆ. ಅದರ ಪಟ್ಟಿಯನ್ನು ಒಮ್ಮೆ ಓದಿ ನೋಡಿ: ಬೆಂಕಿ, ಕಳವು, ಸಿಡಿಲು, ಪ್ರವಾಹ, ಬಿರುಗಾಳಿ, ಜೊತೆಗೆ ಭೂಕುಸಿತ ಎಂಬ ಪದವೇ ಅಲ್ಲಿದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಬರೀ ಥರ್ಡ್ ಪಾರ್ಟಿ ಇರುವ ಖಾಸಗಿ ಕಾರಿನಲ್ಲಿ ನಿಮ್ಮ ಜೊತೆ ಕೂತು ಬಂದ ನೆಂಟರಿಗೆ, ನೆರೆಯವರಿಗೆ ಪೆಟ್ಟಾದರೆ, ತಪ್ಪು ನಿಮ್ಮದೇ ಆದರೆ, ಕಂಪನಿ ಪರಿಹಾರ ಕೊಡಬೇಕಾಗಿಲ್ಲ. ಫುಲ್ ಪಾಲಿಸಿಯಲ್ಲಿ ಅವರೂ ಒಳಗೊಳ್ಳುತ್ತಾರೆ. ಮದುವೆ ಮನೆಗೆ ಐದು ಜನರನ್ನು ತುಂಬಿಕೊಂಡು ಘಾಟಿ ಇಳಿಯುವವರು ಇದನ್ನೊಮ್ಮೆ ಯೋಚಿಸಬೇಕು. ನನಗಂತೂ ಇದೊಂದೇ ಕಾರಣ ಸಾಕು.

ಇನ್ನು ನನ್ನ ಕಥೆ. ಕಕ್ಕಡದ (ನಮ್ಮ ಜೋರು ಮಳೆಯ ತಿಂಗಳು) ಒಂದು ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ಕಾರಿನ ಮೇಲೆ ಸಿಲ್ವರ್ ಓಕ್ ಮುರಿದು ಬಿತ್ತು. ಬಾನೆಟ್ ಮಡಚಿತು, ಮುಂದಿನ ಗಾಜು ಪುಡಿ, ಬಂಪರ್ ಎರಡು ತುಂಡು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗರು ಉತ್ಸಾಹದಿಂದ ಮರವನ್ನು ಕೊಯ್ದು ಸೌದೆ ಒಟ್ಟಿಯಾಗಿತ್ತು. ಮರುದಿನ ಹಾನಿ ಅಳೆಯಲು ಕಂಪನಿ ಕಡೆಯಿಂದ ಛತ್ರಿ ಹಿಡಿದು ಬಂದ ಸರ್ವೇಯರ್ ಕಾರನ್ನು ಒಂದು ಸುತ್ತು ಹಾಕಿ, ‘ಮರ ಎಲ್ಲಿ?’ ಎಂದರು. ಸೌದೆ ರಾಶಿ ತೋರಿಸಿದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಬಾನೆಟ್ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಎಲೆ, ತೊಗಟೆ ನನ್ನನ್ನು ಉಳಿಸಿದವು. ಆದ್ದರಿಂದ ಮೊದಲು ಫೋಟೊ, ಆಮೇಲೆ ಕಂಪನಿಗೆ ಫೋನ್, ಕೊನೆಗೆ ಗರಗಸ.

ದುಡ್ಡಿನ ಲೆಕ್ಕ ಹೀಗಿತ್ತು. ಕಾರಿಗೆ ಆಗ ಮೂರೂವರೆ ವರ್ಷ. ಗಾಜಿನ 9,000 ಪೂರ್ತಿ ಸಿಕ್ಕಿತು, ಗಾಜಿಗೆ ಸವಕಳಿ (ಹಳೆಯದಾದದ್ದಕ್ಕೆ ಕಳೆಯುವ ಮೊತ್ತ) ಇಲ್ಲ. ಬಾನೆಟ್ ಲೋಹದ್ದು, ಆ ವಯಸ್ಸಿಗೆ ಶೇ 25 ಕಡಿತ: 12,000ಕ್ಕೆ 9,000. ಬಂಪರ್ ಪ್ಲಾಸ್ಟಿಕ್, ಅದಕ್ಕೆ ಹೊಸತಾಗಿರಲಿ ಹಳೆಯದಾಗಿರಲಿ ಅರ್ಧವೇ: 8,000ಕ್ಕೆ 4,000. ಇದರ ಮೇಲೆ ಕ್ಲೇಮ್‌ನಲ್ಲಿ ನಾವೇ ಹೊರಬೇಕಾದ ಕಡ್ಡಾಯ ಕಡಿತ 1,000. ಅಂದರೆ 29,000ಕ್ಕೆ 21,000 ಬಂತು; ಬಣ್ಣ, ಕೂಲಿಯ ಲೆಕ್ಕ ಬೇರೆ. ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆ, ಅಂದರೆ ಜನ ‘ಬಂಪರ್ ಟು ಬಂಪರ್’ ಎನ್ನುವ ಜೀರೋ ಡೆಪ್ ಇದ್ದಿದ್ದರೆ ಆ ಸವಕಳಿಯ 7,000ವೂ ಬರುತ್ತಿತ್ತು. ಹೊಸ ಕಾರಿಗೆ ಅದನ್ನು ತೆಗೆದುಕೊಳ್ಳಿ. ಏಳು ವರ್ಷದ ಕಾರಿಗೆ ಎಲ್ಲ ಕಂಪನಿಗಳೂ ಕೊಡುವುದಿಲ್ಲ, ಕೊಟ್ಟರೂ ದುಬಾರಿ.

ನೀರು ದಾಟುವ ರಸ್ತೆಯವರಾದರೆ ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಸೌಲಭ್ಯವನ್ನು ಕೇಳಿ. ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ ಒಳಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ಹಾನಿ ಪ್ರವಾಹದ್ದಲ್ಲ, ನೀವೇ ಮಾಡಿಕೊಂಡದ್ದು ಎಂದು ಸಾಮಾನ್ಯ ಪಾಲಿಸಿಯಲ್ಲಿ ಕೈ ಎತ್ತುತ್ತಾರೆ. ಆ ರಕ್ಷಣೆ ಇರಲಿ ಬಿಡಲಿ, ಕೀಲಿ ಮುಟ್ಟದೆ ಎಳೆಸಿಕೊಂಡು ಹೋಗಿ.

ನಾಪೋಕ್ಲಿನವರೇ, ಒಂದೂ ಕ್ಲೇಮ್ ಮಾಡಿಲ್ಲ ಎಂದಿರಲ್ಲ, ಹಾಗಾದರೆ ನೀವು ಪ್ರತಿ ವರ್ಷ ಫುಲ್ ಪಾಲಿಸಿ ಕಟ್ಟುತ್ತಾ ಬಂದಿದ್ದರೆ ನಿಮ್ಮ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಕಂತಿನಲ್ಲಿ ಸಿಗುವ ರಿಯಾಯಿತಿ) ಈಗ ಗರಿಷ್ಠ ಶೇ 50 ತಲುಪಿರಬೇಕು. ಓನ್ ಡ್ಯಾಮೇಜ್ ಕಂತು ಅರ್ಧಕ್ಕಿಳಿದಿರುವ ಹೊತ್ತಿನಲ್ಲಿ ಅದನ್ನು ಬಿಡುವ ಯೋಚನೆ ಮಾಡುತ್ತಿದ್ದೀರಿ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಆ ಬೋನಸ್ ಹೋಯಿತು. ಮುಂದಿನ ಮಳೆಗಾಲಕ್ಕೆ ನೋಡೋಣ ಎಂದರೆ ಕಾರಿನ ತಪಾಸಣೆ ಮಾಡಿಸಿ, ಪೂರ್ತಿ ದರ ಕಟ್ಟಬೇಕು. ಬೋನಸ್ ಇರುವುದು ನಿಮ್ಮ ಹೆಸರಿಗೆ, ಕಾರಿಗಲ್ಲ. ನಾಳೆ ಹೊಸ ಕಾರು ಕೊಂಡರೆ ಅಲ್ಲಿಗೂ ಬರುತ್ತದೆ. ಕಾಫಿ ಗಿಡ ಉಜ್ಜಿದ ಗೀರಿಗೆಲ್ಲ ಕ್ಲೇಮ್ ಮಾಡಿ ಅದನ್ನು ಕಳೆದುಕೊಳ್ಳಬೇಡಿ.

ಕಂತು ಇಳಿಸಲು ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಯುವ ಕಾರಿನ ಮೌಲ್ಯ, ಕಡಿಮೆ ಬರೆಸುವ ಉಪಾಯವೂ ಬೇಡ. ಐದು ವರ್ಷ ದಾಟಿದ ಕಾರಿನ ಮೌಲ್ಯ ನೀವು ಮತ್ತು ಕಂಪನಿ ಒಪ್ಪಿದಷ್ಟು. ಕಾರು ಕಳವಾದರೆ ಕೈಗೆ ಬರುವುದು ಅದೇ ಅಂಕಿ.

ಎಲ್ಲರೂ ಫುಲ್ ಮಾಡಿಸಲೇಬೇಕೆಂದು ನಾನು ಹೇಳುವುದಿಲ್ಲ. ನಾಳೆ ಕಾರು ಪೂರ್ತಿ ಹೋದರೆ ಬ್ಯಾಂಕಿನ ಕಡೆ ನೋಡದೆ ಇನ್ನೊಂದು ಕೊಳ್ಳಬಲ್ಲಿರಾದರೆ ಬಿಡಬಹುದು. ನನ್ನ ಹಳೆಯ ಜೀಪಿಗೆ ಥರ್ಡ್ ಪಾರ್ಟಿ ಮಾತ್ರ ಇದೆ. ಅದರ ಮೇಲೆ ಮರ ಬಿದ್ದರೆ ಮರಕ್ಕೇ ಹೆಚ್ಚು ನಷ್ಟ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು: ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆಗೆ ಪ್ರವಾಸಿಗರನ್ನು ಕರೆದೊಯ್ಯುವಾಗ ಅಪಘಾತವಾದರೆ ಫುಲ್ ಇನ್ಶೂರೆನ್ಸ್ ಇದ್ದೂ ಇಲ್ಲದಂತೆ. ಹಾಗೆಯೇ ಡ್ರೈವರನ ಲೈಸೆನ್ಸ್ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ನಾಪೋಕ್ಲಿನವರು ಹಳೆಯ ಪಾಲಿಸಿಯಲ್ಲಿ ಬೋನಸ್ ಶೇಕಡಾವಾರು ಬರೆದಿರುವ ಪುಟದ ಫೋಟೊ ಇಲ್ಲಿ ಹಾಕಿದರೆ, ಸಂಜೆ ಪಂಪ್‌ಹೌಸ್‌ನಿಂದ ಬಂದ ಮೇಲೆ ಲೆಕ್ಕ ಹಾಕಿ ಹೇಳುತ್ತೇನೆ. ಹೆಸರು, ಗಾಡಿ ನಂಬರ್ ಮುಚ್ಚಿ ಹಾಕಿ.