ಪಿಎಫ್ ಹಣ: ಸಾಗಿಸಿದರೆ ತೆರಿಗೆಯಿಲ್ಲ, ತೆಗೆದರೆ ಇದೆ

ಮಂಡ್ಯದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರ ಪತ್ರದ ಸಾರಾಂಶ: "ನನ್ನ ಮಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಮೂರು ವರ್ಷ ನಾಲ್ಕು ತಿಂಗಳು ದುಡಿದು, ಈಗ ಬೆಂಗಳೂರಿನಲ್ಲಿ ಬೇರೆ ಕೆಲಸಕ್ಕೆ ಸೇರಿದ್ದಾನೆ. ಮೂಲವೇತನ 30,000 ರೂಪಾಯಿ ಇತ್ತು. ಹಳೆಯ ಪಿಎಫ್ ಖಾತೆಯಲ್ಲಿ ಸುಮಾರು 2 ಲಕ್ಷ 70 ಸಾವಿರ ಇದೆ. ಅದನ್ನು ಹೊಸ ಖಾತೆಗೆ ವರ್ಗಾಯಿಸಿದರೆ ಅಷ್ಟೂ ಈ ವರ್ಷದ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ, ಅದಕ್ಕಿಂತ ತೆಗೆದುಕೊಂಡು ಬೈಕ್ ಸಾಲ ತೀರಿಸುವುದು ಮೇಲು ಎಂದು ಅವನ ಗೆಳೆಯರು ಹೇಳುತ್ತಾರೆ. ಹೇಗೂ 12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ ಎಂಬುದು ಅವರ ವಾದ. ಬ್ಯಾಂಕಿನ ಪರಿಚಿತರೊಬ್ಬರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ಗೆ ಹಾಕಿಸಿ ಎನ್ನುತ್ತಾರೆ. ಯಾರ ಮಾತು ಸರಿ?"

ಸಂಪಾದಕರ ಉತ್ತರ:

ಮಾನ್ಯ ಮೇಷ್ಟರೇ,

ನಿಮ್ಮ ಮಗನ ಗೆಳೆಯರು ವಿಷಯವನ್ನು ತಲೆಕೆಳಗು ಮಾಡಿ ಹೇಳಿದ್ದಾರೆ. ಒಂದು ಭವಿಷ್ಯ ನಿಧಿ ಖಾತೆಯಿಂದ ಇನ್ನೊಂದಕ್ಕೆ ಹೋಗುವ ಹಣ ಆದಾಯವಲ್ಲ, ಅದರ ಮೇಲೆ ಒಂದು ಪೈಸೆ ತೆರಿಗೆಯೂ ಇಲ್ಲ. ಒಂದು ಕಣಜದ ಭತ್ತವನ್ನು ಇನ್ನೊಂದಕ್ಕೆ ಸುರಿದ ಮಾತ್ರಕ್ಕೆ ಅದು ಆ ವರ್ಷದ ಬೆಳೆಯಾಗುವುದಿಲ್ಲ ಎಂದು ಮಂಡ್ಯದವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ತೆರಿಗೆಯ ಮಾತು ಬರುವುದು ಐದು ವರ್ಷದ ಸೇವೆ ತುಂಬುವ ಮೊದಲೇ ಆ ಹಣವನ್ನು ಕೈಗೆ ತೆಗೆದುಕೊಂಡಾಗ.

ಲೆಕ್ಕವನ್ನು ನಿಮ್ಮ ಅಂಕಿಗಳಲ್ಲೇ ಮಾಡೋಣ. 30,000 ಮೂಲವೇತನಕ್ಕೆ ನೂರಕ್ಕೆ 12ರಂತೆ ಮಗನ ಸಂಬಳದಿಂದ ತಿಂಗಳಿಗೆ 3,600 ರೂಪಾಯಿ ಕಡಿತವಾಗಿದೆ. ಕಂಪನಿಯೂ ಅಷ್ಟೇ ಕೊಡುತ್ತದೆಯಾದರೂ, ಮಗ ನೌಕರರ ಪಿಂಚಣಿ ಯೋಜನೆಯಲ್ಲಿದ್ದಾನೆಂದು ಎಣಿಸಿದರೆ, ಅದರಲ್ಲಿ 1,250 ರೂಪಾಯಿ ಆ ಯೋಜನೆಗೆ ಹೋಗಿ, ಉಳಿದ 2,350 ಮಾತ್ರ ಪಿಎಫ್‌ಗೆ ಸೇರುತ್ತದೆ. ನಲವತ್ತು ತಿಂಗಳಿಗೆ ಅವನ ಪಾಲು 1,44,000, ಕಂಪನಿಯ ಪಾಲು 94,000, ಮಿಕ್ಕಿದ್ದು ಬಡ್ಡಿ. ಇಷ್ಟನ್ನೂ ಈಗ ತೆಗೆದರೆ ಕಂಪನಿಯ ಪಾಲು ಮತ್ತು ಅದರ ಬಡ್ಡಿಯನ್ನು ಸಂಬಳವೆಂದೂ, ಅವನ ಪಾಲಿನ ಮೇಲಿನ ಬಡ್ಡಿಯನ್ನು ಇತರ ಮೂಲದ ಆದಾಯವೆಂದೂ ಎಣಿಸಲಾಗುತ್ತದೆ. ಮೊತ್ತ 50,000 ಮುಟ್ಟಿದರೆ ಮೂಲದಲ್ಲೇ ನೂರಕ್ಕೆ ಹತ್ತು ತೆರಿಗೆ ಹಿಡಿಯುತ್ತಾರೆ. ಪ್ಯಾನ್ ಜೋಡಣೆಯಾಗಿರದಿದ್ದರೆ ನೂರಕ್ಕೆ ಇಪ್ಪತ್ತು.

12 ಲಕ್ಷದ ಮಾತಿಗೆ ಬರುತ್ತೇನೆ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ನೇ ಸಾಲಿನಿಂದ ಅಷ್ಟು ಆದಾಯದವರೆಗೆ ತೆರಿಗೆ ಕಟ್ಟಬೇಕಾಗಿಲ್ಲ ಎಂಬುದು ನಿಜ. ಆದರೆ ಐದು ವರ್ಷದೊಳಗೆ ಪಿಎಫ್ ತೆಗೆದವರ ಲೆಕ್ಕ ಆ ಒಂದು ವರ್ಷಕ್ಕೆ ನಿಲ್ಲುವುದಿಲ್ಲ. ಆ ನಿಧಿಗೆ ಮೊದಲಿನಿಂದಲೂ ಮಾನ್ಯತೆಯೇ ಇರಲಿಲ್ಲ ಎಂದು ಭಾವಿಸಿ, ಹಿಂದಿನ ಒಂದೊಂದು ವರ್ಷದ ತೆರಿಗೆಯನ್ನೂ ಮತ್ತೆ ಎಣಿಸಬೇಕೆಂದು ಕಾನೂನು ಹೇಳುತ್ತದೆ. ನಿಮ್ಮ ಮಗ ಹಿಂದೆ ಹಳೆಯ ಪದ್ಧತಿಯಲ್ಲಿ ಇದ್ದು 80ಸಿ ಅಡಿಯಲ್ಲಿ ಪಿಎಫ್ ಕಂತಿಗೆ ವಿನಾಯಿತಿ ಪಡೆದಿದ್ದರೆ, ಅಂದು ಉಳಿದ ತೆರಿಗೆಯನ್ನು ಇಂದು ಕಟ್ಟಬೇಕಾಗುತ್ತದೆ. ಗೆಳೆಯರು ಈ ಭಾಗವನ್ನು ಅವನಿಗೆ ಹೇಳಿರಲಾರರು.

ಇನ್ನೊಂದು ಮಾತನ್ನು ನಿಮ್ಮಂಥ ಶಿಕ್ಷಕರಿಗೆ ಹೇಳಲು ನನಗೆ ಸಂಕೋಚವಿದ್ದರೂ ಹೇಳಲೇಬೇಕು. ಪಿಎಫ್ ಇರುವ ಬೇರೆ ಕೆಲಸಕ್ಕೆ ಸೇರಿದವರು ಹಳೆಯ ಖಾತೆಯ ಪೂರ್ತಿ ಹಣವನ್ನು ಕೇಳುವ ಹಾಗೆಯೇ ಇಲ್ಲ; ಅದು ಕೆಲಸವಿಲ್ಲದೆ ಕುಳಿತವರಿಗಾಗಿ ಇರುವ ಅವಕಾಶ. ಮಗ ಹಣ ತೆಗೆಯಬೇಕಾದರೆ ತಾನು ನಿರುದ್ಯೋಗಿ ಎಂದು ಸುಳ್ಳು ಬರೆದುಕೊಡಬೇಕು. ಎಷ್ಟೋ ಜನ ಬರೆದುಕೊಡುತ್ತಾರೆ ಎಂಬುದು ಬೇರೆ ಮಾತು. ನಿಮ್ಮ ಕೈಯಲ್ಲಿ ಕಲಿತವರ ಅಕ್ಷರದಲ್ಲಿ ಅಂಥ ವಾಕ್ಯ ಬರಬಾರದೆಂದು ನಾನು ಬಯಸುತ್ತೇನೆ.

ವರ್ಗಾವಣೆಯಿಂದ ಆಗುವ ದೊಡ್ಡ ಲಾಭವೆಂದರೆ ಸೇವೆಯ ಅವಧಿಯೂ ಹಣದ ಜೊತೆಗೇ ಸಾಗುತ್ತದೆ. ನಮ್ಮ ಪತ್ರಿಕೆಗೆ ಪುಟ ವಿನ್ಯಾಸ ಮಾಡಿಕೊಡುತ್ತಿದ್ದ ಯುವಕನೊಬ್ಬ ನಂಜನಗೂಡಿನ ಕಾರ್ಖಾನೆಯಲ್ಲಿ ಎರಡು ವರ್ಷ, ಆಮೇಲೆ ಮೈಸೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದ. ಮೊದಲ ಖಾತೆಯನ್ನು ಎರಡನೆಯದಕ್ಕೆ ಸೇರಿಸಿಕೊಂಡಿದ್ದರಿಂದ ಕಾನೂನಿನ ಕಣ್ಣಿಗೆ ಅವನದು ಆರು ವರ್ಷದ ಅಖಂಡ ಸೇವೆಯಾಯಿತು. ಮುಂದೆ ಅವನು ಊರಿಗೆ ಮರಳಿ ಜಮೀನು ನೋಡಿಕೊಳ್ಳಬೇಕಾಗಿ ಬಂದು ಪೂರ್ತಿ ಹಣ ಪಡೆದಾಗ ಅದರಲ್ಲಿ ತೆರಿಗೆಯ ಕಡಿತವೇ ಇರಲಿಲ್ಲ. ಅವನ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ ಗೆಳೆಯ ನಂಜನಗೂಡಿನ ಖಾತೆಯನ್ನು ಖಾಲಿ ಮಾಡಿ ಮೊಬೈಲ್ ಕೊಂಡಿದ್ದ. ನಾಲ್ಕು ವರ್ಷದ ನಂತರ ಅವನೂ ಕೆಲಸ ಬಿಟ್ಟಾಗ ಐದು ವರ್ಷ ತುಂಬಿರಲಿಲ್ಲ. ಪಿಂಚಣಿ ಯೋಜನೆಗೂ ಇದೇ ರೀತಿ: ಹತ್ತು ವರ್ಷದ ಸೇವೆ ಕೂಡಿದರೆ ಮಾತ್ರ ತಿಂಗಳ ಪಿಂಚಣಿಗೆ ಅರ್ಹತೆ, ಮಧ್ಯದಲ್ಲಿ ಹಣ ಪಡೆದರೆ ಎಣಿಕೆ ಮತ್ತೆ ಸೊನ್ನೆಯಿಂದ.

ಹಳೆಯ ಖಾತೆಯನ್ನು ಹಾಗೆಯೇ ಬಿಟ್ಟರಾಯಿತು ಎಂದೂ ಅನ್ನಿಸಬಹುದು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ, ಕೆಲಸ ಬಿಟ್ಟ ದಿನದ ನಂತರ ಆ ಖಾತೆಯಲ್ಲಿ ಬೆಳೆದ ಬಡ್ಡಿಗೆ ತೆರಿಗೆಯಿದೆ ಎಂದು ತೀರ್ಪು ಕೊಟ್ಟಿದೆ. ಆದ್ದರಿಂದ ಸಾಗಿಸುವುದೇ ಕ್ಷೇಮ.

ಬ್ಯಾಂಕಿನ ಪರಿಚಿತರ ಸಲಹೆಯನ್ನು ತಳ್ಳಿಹಾಕಲಾರೆ. ಮಾನ್ಯತೆ ಪಡೆದ ಭವಿಷ್ಯ ನಿಧಿಯಿಂದ ಎನ್‌ಪಿಎಸ್‌ಗೆ ಹೋಗುವ ಹಣವನ್ನೂ ಆ ವರ್ಷದ ಆದಾಯವೆಂದು ಎಣಿಸುವುದಿಲ್ಲ. ಹಾಗೆಯೇ ಅದನ್ನು ಆ ವರ್ಷದ ಹೊಸ ಉಳಿತಾಯವೆಂದು ಒಪ್ಪಿ ವಿನಾಯಿತಿ ಕೊಡುವುದೂ ಇಲ್ಲ. ಆದರೆ ದಾಟುವಾಗ ಇಲ್ಲದ ತೆರಿಗೆ ಕೊನೆಯಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ಎನ್‌ಪಿಎಸ್‌ನಲ್ಲಿ ಕೂಡಿದ ಹಣದ ಒಂದು ಪಾಲನ್ನು ವರ್ಷಾಶನ ಕೊಳ್ಳಲು ಬಳಸಬೇಕು, ಅದರಿಂದ ಬರುವ ಪಿಂಚಣಿ ವರ್ಷವರ್ಷವೂ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ಐದು ವರ್ಷ ದಾಟಿದ ಪಿಎಫ್‌ಗೆ ಈ ತೊಡಕಿಲ್ಲ. ಇಪ್ಪತ್ತೇಳು, ಇಪ್ಪತ್ತೆಂಟರ ಹುಡುಗನಿಗೆ ನಾನು ಪಿಎಫ್ ಅನ್ನೇ ಹೇಳುತ್ತೇನೆ. 2024–25ರ ಬಡ್ಡಿ ದರ ನೂರಕ್ಕೆ 8.25. ದರ ಹೀಗೆಯೇ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಇದ್ದರೆ, ಇನ್ನೊಂದು ರೂಪಾಯಿ ಸೇರಿಸದಿದ್ದರೂ ಆ 2 ಲಕ್ಷ 70 ಸಾವಿರ ಮೂವತ್ತು ವರ್ಷಕ್ಕೆ 29 ಲಕ್ಷ ಆಗುತ್ತದೆ. ಬೈಕ್ ಸಾಲದ ಕಂತನ್ನು ಹೊಸ ಸಂಬಳ ಹೊರಲಿ.

ಪಿಎಫ್ ತೆಗೆಯುವವರೆಲ್ಲ ದುಂದುಗಾರರೆಂದು ನಾನು ಹೇಳುತ್ತಿಲ್ಲ. ಕಾಯಿಲೆಯಿಂದ ಕೆಲಸ ಹೋದವರಿಗೆ, ಕಾರ್ಖಾನೆಯೇ ಮುಚ್ಚಿದವರಿಗೆ ಐದು ವರ್ಷದ ನಿಯಮ ಅನ್ವಯಿಸುವುದಿಲ್ಲ, ಅನ್ವಯಿಸಲೂ ಬಾರದು. 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ ಬಾಗಿಲು ಹಾಕಿದ್ದನ್ನು ಕಂಡ ಊರು ನಮ್ಮದು. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ಸಿಗುವುದಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ನನ್ನನ್ನು ಕಾಡುವುದು ಬೇರೆ: ಆ ನಿಧಿ ತಮ್ಮದು, ಅದನ್ನು ಮುರಿಯದೆಯೂ ಜೊತೆಗೆ ಕೊಂಡೊಯ್ಯಬಹುದು ಎಂದು ಅವರಲ್ಲಿ ಎಷ್ಟು ಮಂದಿಗೆ ಯಾರಾದರೂ ಕನ್ನಡದಲ್ಲಿ ಕೂರಿಸಿಕೊಂಡು ಹೇಳಿದ್ದರು?

ಮೈಸೂರು, ಮಂಡ್ಯದ ಬೀದಿಗಳಲ್ಲಿ "ಪಿಎಫ್ ಹಣ ತೆಗೆಸಿಕೊಡಲಾಗುವುದು" ಎಂಬ ಫಲಕಗಳನ್ನು ಬೇಕಾದಷ್ಟು ಕಂಡಿದ್ದೇನೆ. "ವರ್ಗಾಯಿಸಿಕೊಡಲಾಗುವುದು" ಎಂಬ ಫಲಕ ಒಂದೂ ಕಣ್ಣಿಗೆ ಬಿದ್ದಿಲ್ಲ. ತೆಗೆಸಿದರೆ ಅಂಗಡಿಯವರಿಗೆ ಕಮಿಷನ್ ಉಂಟು. ಕೆಲಸ ಬಿಡುವವನ ಕೈಗೆ ಕಂಪನಿಗಳು ಇಂಗ್ಲಿಷ್ ಕಾಗದಗಳ ಕಟ್ಟು ಕೊಟ್ಟು ಸಹಿ ಮಾಡಿಸಿಕೊಳ್ಳುತ್ತವೆ. ಗುತ್ತಿಗೆ ಕಾರ್ಮಿಕರ ಪಾಡು ಇನ್ನೂ ಕಷ್ಟ: ಗುತ್ತಿಗೆದಾರ ಬದಲಾದಾಗ, ಅದೇ ಯಂತ್ರದ ಮುಂದೆ ನಿಂತವನಿಗೂ ಹೊಸ ಪಿಎಫ್ ಖಾತೆ ಹುಟ್ಟುತ್ತದೆ. 2014ರಿಂದ ಒಬ್ಬರ ಎಲ್ಲ ಪಿಎಫ್ ಖಾತೆಗಳಿಗೂ ಒಂದೇ ಗುರುತಿನ ಸಂಖ್ಯೆ (ಯುಎಎನ್) ಬಂದಿದ್ದರೂ ಹಳೆಯ ಖಾತೆಗಳನ್ನು ಅದಕ್ಕೆ ಸೇರಿಸಿಕೊಡುವವರಿಲ್ಲ. ಆದಾಯವೇ ತೆರಿಗೆಯ ಮಿತಿಯೊಳಗಿರುವ ಬಡ ಕಾರ್ಮಿಕ, ತನಗೆ ತೆರಿಗೆ ಬೀಳುವುದಿಲ್ಲವೆಂದು ತಿಳಿಸುವ ನಮೂನೆ ಕೊಡಬೇಕೆಂದು ಗೊತ್ತಿಲ್ಲದೆ ನೂರಕ್ಕೆ ಹತ್ತನ್ನು ಕಳೆದುಕೊಳ್ಳುತ್ತಾನೆ. ರಿಟರ್ನ್ಸ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದೆಂಬುದೂ ಅವನಿಗೆ ಗೊತ್ತಿರುವುದಿಲ್ಲ.

ನೀವು ಸೇವೆಯಲ್ಲಿದ್ದಾಗ ಸಂಬಳದಿಂದ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕಂತು ಕಡಿತವಾಗುತ್ತಿತ್ತಲ್ಲ, ಅದರ ಮೂಲ ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗಾಗಿ ಆರಂಭಿಸಿದ ವಿಮೆ. ನೌಕರನ ನಾಳೆಯ ಬಗ್ಗೆ ಅಷ್ಟು ಹಿಂದೆಯೇ ಯೋಚಿಸಿದ ನಾಡಿನಲ್ಲಿ, ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ಸಂಬಳದ ಚೀಟಿ ಓದಲು ನಾವು ಕಲಿಸುವುದಿಲ್ಲ. ಇದನ್ನು ಶಿಕ್ಷಕರಾಗಿದ್ದ ನಿಮ್ಮ ಬಳಿ ಅಲ್ಲದೆ ಇನ್ನಾರ ಬಳಿ ಹೇಳಲಿ?

ಮಗನಿಗೆ ಈ ವಾರವೇ ಹೇಳಿ: ಎರಡೂ ಕಂಪನಿಗಳಲ್ಲಿ ಒಂದೇ ಯುಎಎನ್ ಇದೆಯೇ, ಆಧಾರ್ ಮತ್ತು ಪ್ಯಾನ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಲಿ. ಹಳೆಯ ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿರದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ಅವನೇ ಅದನ್ನು ನಮೂದಿಸಬಹುದು. ಆಮೇಲೆ ಆನ್‌ಲೈನ್‌ನಲ್ಲೇ ವರ್ಗಾವಣೆಗೆ ಅರ್ಜಿ ಹಾಕಲಿ, ಹಳೆಯ ಪಾಸ್‌ಬುಕ್‌ನ ಪ್ರತಿಯೊಂದನ್ನು ಮುದ್ರಿಸಿ ನಿಮ್ಮ ಬಳಿ ಕೊಟ್ಟಿರಲಿ. ಹೊಸ ಖಾತೆಯಲ್ಲಿ ಹಣ ಕಂಡ ಮೇಲೆ ನನಗೊಂದು ಕಾಗದ ಬರೆಯಿರಿ.